ಬ್ಯಾಟರಿಯ ಲಿಥಿಯಂ ಮಾತ್ರೆಯಾದದ್ದು ಹೇಗೆ? ಡಾ. ಜಾನ್ ಕೇಡ್ ಅವರ ಬದುಕು, ಒಂದು ಮದ್ದಿನ ಅಡ್ಡಪರಿಣಾಮಗಳು

ಮೊಬೈಲ್ ಬ್ಯಾಟರಿಗೆ ಹಾಕುವ ಲಿಥಿಯಂ ಅನ್ನೇ ಮಾನಸಿಕ ಕಾಯಿಲೆಯವರಿಗೆ ಮಾತ್ರೆ ಮಾಡಿ ಕೊಡುತ್ತಾರೆ, ಅದು ಕಿಡ್ನಿಯನ್ನು ತಿಂದುಹಾಕುತ್ತದೆ, ಥೈರಾಯ್ಡ್ ಕೆಡಿಸುತ್ತದೆ, ಇವತ್ತೇ ನಿಲ್ಲಿಸಿ, ಹತ್ತು ಜನಕ್ಕೆ ಕಳಿಸಿ. ಈ ಧಾಟಿಯ ಸಂದೇಶಗಳು ಕುಟುಂಬದ ವಾಟ್ಸಾಪ್ ಗುಂಪುಗಳಿಗೆ ಹೊಸದಲ್ಲ. ಓದಿದವರಲ್ಲಿ ಹೆಚ್ಚಿನವರು ಇನ್ನೊಂದು ಗುಂಪಿಗೆ ತಳ್ಳಿ ಮರೆತುಬಿಡುತ್ತಾರೆ. ಆದರೆ ಆ ಗುಂಪಿನಲ್ಲಿ ಯಾರೋ ಒಬ್ಬರ ಮನೆಯ ಗೂಡಿನಲ್ಲಿ ಅದೇ ಮಾತ್ರೆ ಇರುತ್ತದೆ. ಅವರು ಮರೆಯುವುದಿಲ್ಲ.

ಮೊದಲೇ ಹೇಳಿಬಿಡುತ್ತೇವೆ. ಈ ಸಂದೇಶದ ಮೊದಲರ್ಧ ಪೂರ್ತಿ ಸುಳ್ಳಲ್ಲ. ಲಿಥಿಯಂ ಮಾತ್ರೆಗೆ ಅಡ್ಡಪರಿಣಾಮಗಳಿವೆ, ಅಳತೆ ತಪ್ಪಿದರೆ ಅದು ವಿಷವೂ ಹೌದು. ಆದರೆ ಇವತ್ತೇ ನಿಲ್ಲಿಸಿ ಎಂಬ ಕೊನೆಯ ಮಾತಿದೆಯಲ್ಲ, ಅದು ಜೀವಕ್ಕೇ ಅಪಾಯ ತರಬಹುದು. ಈ ಎರಡೂ ಮಾತು ಒಟ್ಟಿಗೆ ನಿಜವಾಗುವುದು ಹೇಗೆ ಎಂದು ತಿಳಿಯಲು ಆ ಮದ್ದನ್ನು ಕಂಡುಹಿಡಿದ ಮನುಷ್ಯನ ಬದುಕನ್ನು ನೋಡಬೇಕು. ಮದ್ದಿನ ಗುಣವನ್ನೂ ವಿಷವನ್ನೂ ಒಬ್ಬನೇ ರೋಗಿಯಲ್ಲಿ ಕಂಡ ವೈದ್ಯರು ಅವರು. ಹೆಸರು ಜಾನ್ ಕೇಡ್. ಕನ್ನಡದ ಕಿವಿಗೆ ಇದು ಕೇಡು ಎಂದು ಕೇಳಿಸೀತು, ಆದರೆ ಲಕ್ಷಾಂತರ ಮನೆಗಳಿಗೆ ಅವರಿಂದ ಆದದ್ದು ಒಳಿತೇ.

ಕಲ್ಲಿನಿಂದ ಬಂದ ಉಪ್ಪು

ಸಂಡೂರಿನವರಿಗೆ ಅದಿರೆಂದರೆ ಹೇಳಿಕೊಡಬೇಕಾದ್ದಿಲ್ಲ. ದೇವಗಿರಿಯ ಮ್ಯಾಂಗನೀಸ್, ದೋಣಿಮಲೆಯ ಕಬ್ಬಿಣ, ರಸ್ತೆಗೆ ಅಂಟಿದ ಕೆಂಪು ಧೂಳು ಎಲ್ಲವೂ ದಿನನಿತ್ಯದ್ದು. ಲಿಥಿಯಂ ಕೂಡ ಹೀಗೆ ಕಲ್ಲಿನಿಂದಲೇ ಸಿಕ್ಕ ಧಾತು. 1817ರಲ್ಲಿ ಸ್ವೀಡನ್ನಿನ ಯೋಹಾನ್ ಆಗಸ್ಟ್ ಆರ್ಫ್‌ವೆಡ್‌ಸನ್ ಒಂದು ಖನಿಜದಲ್ಲಿ ಇದನ್ನು ಗುರುತಿಸಿದರು. ಗ್ರೀಕ್ ಭಾಷೆಯಲ್ಲಿ ಕಲ್ಲು ಎಂಬ ಅರ್ಥದ ಪದದಿಂದಲೇ ಇದಕ್ಕೆ ಹೆಸರು ಬಂತು. ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ 1,600 ಟನ್‌ನಷ್ಟು ಲಿಥಿಯಂ ಇರುವ ಅಂದಾಜನ್ನು ಕೇಂದ್ರದ ಅಣು ಖನಿಜ ನಿರ್ದೇಶನಾಲಯ ಕೊಟ್ಟಾಗ ನೀವೂ ಸುದ್ದಿ ಓದಿರಬಹುದು. ಅಲ್ಲಿ ಎಲ್ಲರ ಕಣ್ಣು ಇದ್ದದ್ದು ಬ್ಯಾಟರಿಯ ಮೇಲೆ.

ಬ್ಯಾಟರಿಯಲ್ಲಿರುವುದು ಹೊಟ್ಟೆಗೆ ಹೋಗುತ್ತದೆಯೇ ಎಂಬ ಹೆದರಿಕೆ ಸಹಜ. ಅಡುಗೆಮನೆಯ ಉಪ್ಪನ್ನು ನೆನೆಸಿಕೊಳ್ಳಿ. ಸೋಡಿಯಂ ಲೋಹದ ತುಂಡು ನೀರಿಗೆ ಬಿದ್ದರೆ ಹೊತ್ತಿಕೊಳ್ಳುತ್ತದೆ, ಕ್ಲೋರಿನ್ ವಿಷಾನಿಲ. ಎರಡೂ ಕೂಡಿ ಉಪ್ಪಾದ ಮೇಲೆ ಸಾರಿಗೆ ಹಾಕುತ್ತೇವೆ. ಮಾತ್ರೆಯಲ್ಲಿರುವುದು ಕೂಡ ಲಿಥಿಯಂನ ಒಂದು ಉಪ್ಪು, ಲಿಥಿಯಂ ಕಾರ್ಬೊನೇಟ್. ಬ್ಯಾಟರಿ ಕಾರ್ಖಾನೆಗೂ ಇದೇ ಕಾರ್ಬೊನೇಟ್ ಹೋಗುತ್ತದೆ ಎಂಬುದೂ ನಿಜ, ಮುಚ್ಚಿಡಬೇಕಾದ್ದೇನಿಲ್ಲ. ಒಂದು ವಸ್ತು ಕಾರ್ಖಾನೆಗೆ ಹೋಗುತ್ತದೆ ಎಂಬ ಕಾರಣಕ್ಕೆ ವಿಷವಾಗುವುದಿಲ್ಲ. ಎಷ್ಟು, ಯಾವ ದಾರಿಯಲ್ಲಿ ಮೈಗೆ ಸೇರಿತು ಎಂಬುದರ ಮೇಲೆ ನಿಂತಿದೆ. ಮ್ಯಾಂಗನೀಸ್ ಅನ್ನೇ ನೋಡಿ: ಅಣುವಿನಷ್ಟು ನಮ್ಮ ದೇಹಕ್ಕೆ ಬೇಕೇ ಬೇಕು, ಆದರೆ ಅದರ ಧೂಳನ್ನು ವರ್ಷಗಟ್ಟಲೆ ಮಿತಿಮೀರಿ ಉಸಿರಾಡಿದವರಿಗೆ ಕೈಕಾಲು ಬಿಗಿಯುವ, ಸ್ವಭಾವವೇ ಬದಲಾಗುವ ಮೆದುಳಿನ ಕಾಯಿಲೆ ಬರುತ್ತದೆಂದು ವೈದ್ಯರಿಗೆ 19ನೇ ಶತಮಾನದಿಂದಲೂ ಗೊತ್ತು.

ಆಸ್ಪತ್ರೆಯ ಆವರಣದಲ್ಲಿ ಬೆಳೆದ ಹುಡುಗ

ಜಾನ್ ಫ್ರೆಡರಿಕ್ ಜೋಸೆಫ್ ಕೇಡ್ ಹುಟ್ಟಿದ್ದು 1912ರ ಜನವರಿ 18ರಂದು, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮರ್ಟೋವಾ ಎಂಬ ಸಣ್ಣ ಊರಲ್ಲಿ. ತಂದೆ ಊರಿನ ಡಾಕ್ಟರು. ಮೊದಲ ಮಹಾಯುದ್ಧಕ್ಕೆ ಹೋಗಿ ಗಲಿಪೊಲಿಯ ರಣರಂಗ ಕಂಡು ಮರಳಿದ ಅವರು ಮೊದಲಿನಂತೆ ಇರಲಿಲ್ಲ. ಊರಿನ ಪ್ರಾಕ್ಟೀಸ್ ಬಿಟ್ಟು ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಇಲಾಖೆ ಸೇರಿದರು. ಆಗ ವೈದ್ಯರ ಕುಟುಂಬಕ್ಕೆ ಆಸ್ಪತ್ರೆಯ ಆವರಣದಲ್ಲೇ ಮನೆ. ಹೀಗಾಗಿ ಜಾನ್ ಮತ್ತು ತಮ್ಮಂದಿರು ಬೆಳೆದದ್ದು ಊರವರು ಹೆದರಿ ದೂರ ಇಡುತ್ತಿದ್ದ ರೋಗಿಗಳ ನಡುವೆ. ಅವರು ಹುಡುಗನ ಪಾಲಿಗೆ ಹುಚ್ಚರಾಗಿರಲಿಲ್ಲ, ನೆರೆಯವರಾಗಿದ್ದರು. ಮುಂದೆ ಈ ವೈದ್ಯರು ಮಾಡಿದ ಎಲ್ಲ ಕೆಲಸದ ಬೇರು ಇಲ್ಲಿದೆ ಎಂದು ನಮಗೆ ಅನಿಸುತ್ತದೆ.

1934ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ. ಅದಾದ ಮೇಲೆ ನ್ಯುಮೋನಿಯಾ ಬಂದು ಸಾವಿನ ಬಾಗಿಲಿಗೆ ಹೋಗಿ ಬಂದರು. ಆಸ್ಪತ್ರೆಯ ದಿನಗಳಲ್ಲಿ ಪರಿಚಯವಾದ ನರ್ಸ್ ಜೀನ್ ಅವರನ್ನು 1937ರಲ್ಲಿ ಮದುವೆಯಾದರು. ತಂದೆಯಂತೆ ಮನೋರೋಗ ವಿಭಾಗವನ್ನೇ ಆರಿಸಿಕೊಂಡರು.

ಎರಡನೇ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ಸಿಂಗಪುರಕ್ಕೆ ಹೋದರು. 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನಿಯರ ವಶವಾಯಿತು. ಅಲ್ಲಿಂದ 1945ರವರೆಗೆ, ಮೂರು ವರ್ಷಕ್ಕೂ ಹೆಚ್ಚು ಕಾಲ, ಕೇಡ್ ಚಾಂಗಿ ಸೆರೆಶಿಬಿರದ ಕೈದಿ. ಊಟವಿಲ್ಲದೆ, ಜೀವಸತ್ವದ ಕೊರತೆಯಿಂದ ಸೈನಿಕರು ಸಾಯುತ್ತಿದ್ದರು, ಕೆಲವರ ಮನಸ್ಸೂ ಕೆಡುತ್ತಿತ್ತು. ಸತ್ತವರ ಮರಣೋತ್ತರ ಪರೀಕ್ಷೆಗಳಲ್ಲಿ ದೇಹದೊಳಗಿನ ಕಾರಣಗಳನ್ನು ಕಂಡ ಕೇಡ್ ಅವರಲ್ಲಿ ಒಂದು ಯೋಚನೆ ಗಟ್ಟಿಯಾಯಿತು. ಮನಸ್ಸಿನ ಕೆಲವು ಕಾಯಿಲೆಗಳು ಪಾಪದ ಫಲವೂ ಅಲ್ಲ, ಪಾಲನೆಯ ದೋಷವೂ ಅಲ್ಲ, ದೇಹದ ರಸಾಯನದಲ್ಲಿ ಆದ ಏರುಪೇರು ಇರಬಹುದು.

ಅಡುಗೆ ಸಾಮಾನಿನ ಕೋಣೆಯಲ್ಲಿ ಪ್ರಯೋಗ

ಬಿಡುಗಡೆಯಾಗಿ ಬಂದ ಕೇಡ್ ಮೆಲ್ಬರ್ನ್ ಹತ್ತಿರದ ಬುಂಡೂರ ಎಂಬಲ್ಲಿದ್ದ ಮಾಜಿ ಸೈನಿಕರ ಮಾನಸಿಕ ಆಸ್ಪತ್ರೆಗೆ ಸೇರಿದರು. ಸಂಶೋಧನೆಗೆ ದುಡ್ಡಿಲ್ಲ, ಲ್ಯಾಬ್ ಇಲ್ಲ, ಸಹಾಯಕರಿಲ್ಲ. ಬಳಕೆಯಲ್ಲಿಲ್ಲದ ಒಂದು ಅಡುಗೆ ಸಾಮಾನಿನ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ರೋಗಿಗಳ ಮೂತ್ರದ ಬಾಟಲಿಗಳನ್ನು ಮನೆಯ ಫ್ರಿಜ್ಜಿನಲ್ಲಿ ಇಡುತ್ತಿದ್ದರಂತೆ. ಜೀನ್ ಅವರ ತಾಳ್ಮೆಗೂ ಈ ಕಥೆಯಲ್ಲಿ ಒಂದು ಜಾಗ ಕೊಡಬೇಕು.

ಅವರ ಊಹೆ ಸರಳವಾಗಿತ್ತು. ಥೈರಾಯ್ಡ್ ಹೆಚ್ಚಾದರೆ ಮನುಷ್ಯ ಚಡಪಡಿಸುತ್ತಾನೆ, ಕಡಿಮೆಯಾದರೆ ಮಂಕಾಗುತ್ತಾನೆ. ಹಾಗೆಯೇ ಉನ್ಮಾದದಲ್ಲಿ ಯಾವುದೋ ವಸ್ತು ದೇಹದಲ್ಲಿ ಹೆಚ್ಚಾಗಿ ಮೂತ್ರದಲ್ಲಿ ಹೊರಬೀಳುತ್ತಿರಬಹುದು, ಖಿನ್ನತೆಯಲ್ಲಿ ಅದೇ ವಸ್ತು ಕಡಿಮೆಯಾಗಿರಬಹುದು. ಉನ್ಮಾದ ಎಂದರೆ ಬರಿಯ ಖುಷಿಯಲ್ಲ. ವಾರಗಟ್ಟಲೆ ನಿದ್ದೆ ಬೇಡ, ಮಾತು ನಿಲ್ಲದು, ತಾನೇ ರಾಜ ಎಂಬ ಭ್ರಮೆ, ಇದ್ದ ಹೊಲ ಮಾರಿ ದುಡ್ಡು ಚೆಲ್ಲುವುದು, ತಡೆದವರ ಮೇಲೆ ಕೈ ಮಾಡುವುದು. ಇನ್ನೊಂದು ಕಾಲಕ್ಕೆ ಅದೇ ವ್ಯಕ್ತಿ ಹಾಸಿಗೆಯಿಂದ ಏಳಲಾರ, ಬದುಕೇ ಬೇಡ ಎನಿಸುತ್ತದೆ. ಈ ಎರಡು ತುದಿಗಳ ಕಾಯಿಲೆಯನ್ನು ಇಂದು ಬೈಪೋಲಾರ್ ಎನ್ನುತ್ತಾರೆ. ನಮ್ಮ ಊರುಗಳಲ್ಲಿ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಕರೆದೊಯ್ಯುವವರಲ್ಲಿ ಈ ಕಾಯಿಲೆಯವರೂ ಇರುತ್ತಾರೆ.

ಕೇಡ್ ರೋಗಿಗಳ ಮೂತ್ರವನ್ನು ಗಿನಿಯಿಲಿಗಳಿಗೆ ಚುಚ್ಚಿದರು. ಇಲಿಗಳು ಸತ್ತವು. ಕೊಲ್ಲುತ್ತಿದ್ದದ್ದು ಯೂರಿಯಾ ಎಂದು ತಿಳಿಯಿತು. ಅದರ ವಿಷವನ್ನು ಯೂರಿಕ್ ಆಮ್ಲ ಹೆಚ್ಚಿಸುತ್ತದೆಯೇ ಎಂದು ನೋಡಹೊರಟಾಗ ತೊಡಕೊಂದು ಎದುರಾಯಿತು: ಯೂರಿಕ್ ಆಮ್ಲ ನೀರಿನಲ್ಲಿ ಕರಗದು. ಅದರ ಉಪ್ಪುಗಳಲ್ಲಿ ಚೆನ್ನಾಗಿ ಕರಗುವುದು ಲಿಥಿಯಂ ಯೂರೇಟ್ ಎಂದು ಅದನ್ನು ತಂದರು. ಲಿಥಿಯಂ ಕಥೆಯೊಳಗೆ ಬಂದದ್ದು ಹೀಗೆ, ಕರಗಿಸುವ ಅನುಕೂಲಕ್ಕಾಗಿ. ನೋಡಿದರೆ ವಿಷ ಹೆಚ್ಚುವ ಬದಲು ಕಡಿಮೆಯಾಯಿತು. ಹಾಗಾದರೆ ಬರೀ ಲಿಥಿಯಂ ಕಾರ್ಬೊನೇಟ್ ಕೊಟ್ಟರೆ ಹೇಗೆ? ಕೊಟ್ಟ ಸುಮಾರು ಎರಡು ಗಂಟೆಯಲ್ಲಿ, ಸದಾ ಬೆದರುವ ಆ ಪ್ರಾಣಿಗಳು ಅಂಗಾತ ಮಲಗಿಸಿದರೂ ಕೊಸರದೆ ಸುಮ್ಮನೆ ನೋಡುತ್ತ ಬಿದ್ದುಕೊಂಡವು.

ಇಲ್ಲೊಂದು ಸ್ವಾರಸ್ಯವಿದೆ. ಯೂರಿಕ್ ಆಮ್ಲದ ಊಹೆ ಮುಂದೆ ನಿಲ್ಲಲಿಲ್ಲ. ಇಲಿಗಳು ಶಾಂತವಾದದ್ದು ಮನಸ್ಸು ತಿಳಿಯಾಗಿ ಅಲ್ಲ, ಲಿಥಿಯಂ ಹೆಚ್ಚಾಗಿ ವಿಷವೇರಿ ಇರಬಹುದು ಎಂದು ಇಂದಿನ ಅನೇಕ ತಜ್ಞರು ಹೇಳುತ್ತಾರೆ. ಕೇಡ್ ಹಿಡಿದ ದಾರಿ ತಪ್ಪು, ತಲುಪಿದ ಊರು ಸರಿ.

ಮೊದಲ ರೋಗಿ

ಕೇಡ್ ಮೊದಲು ಲಿಥಿಯಂ ಅನ್ನು ತಾವೇ ನುಂಗಿ ನೋಡಿದರು. ತಮಗೇನೂ ಆಗದ್ದನ್ನು ಖಚಿತ ಮಾಡಿಕೊಂಡು 1948ರ ಮಾರ್ಚ್ 29ರಂದು ಒಬ್ಬ ರೋಗಿಗೆ ಕೊಟ್ಟರು. ಆತ 51 ವರ್ಷದ ಮಾಜಿ ಸೈನಿಕ. ಐದು ವರ್ಷಗಳಿಂದ ಬಿಡದ ಉನ್ಮಾದ. ವಾರ್ಡಿನಲ್ಲಿ ಅವನಷ್ಟು ಕಷ್ಟ ಕೊಟ್ಟವರು ಇಲ್ಲ, ಇನ್ನು ಹೊರಗೆ ಹೋಗುವ ಮಾತೇ ಇಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರು. ನಾಲ್ಕೈದು ದಿನಗಳಲ್ಲಿ ಬದಲಾವಣೆ ಕಾಣಿಸಿತು. ಮೂರು ವಾರಕ್ಕೆ ಚೇತರಿಸಿಕೊಳ್ಳುವವರ ವಾರ್ಡಿಗೆ ಹೋದ. ಜುಲೈಯಲ್ಲಿ ಮನೆಗೆ ಹೋಗಿ ತನ್ನ ಹಳೆಯ ಕೆಲಸಕ್ಕೇ ಸೇರಿಕೊಂಡ. ಐದು ವರ್ಷ ಕಂಬಿಯ ಹಿಂದೆ ಇದ್ದವನು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದಾನೆ ಎಂದರೆ ಮನೆಯವರಿಗೆ ಏನನಿಸಿರಬೇಕು ಎಂದು ಊಹಿಸಿಕೊಳ್ಳಿ.

1949ರ ಸೆಪ್ಟೆಂಬರ್ 3ರಂದು ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಕೇಡ್ ಅವರ ಚಿಕ್ಕ ಲೇಖನ ಬಂತು. ಉನ್ಮಾದದ ಹತ್ತು ರೋಗಿಗಳಲ್ಲಿ ಕಂಡ ಸುಧಾರಣೆಯ ವರದಿ ಅದು. ವಾಂತಿ, ಭೇದಿ, ನಡುಕ ಕಂಡರೆ ಮದ್ದು ತಡೆಯಬೇಕು ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಇಂದು ಆ ಲೇಖನವನ್ನು ಆಧುನಿಕ ಮನೋವೈದ್ಯಕೀಯದ ಒಂದು ಆರಂಭ ಎನ್ನುತ್ತಾರೆ. ಆಗ ಹೆಚ್ಚಿನವರು ಗಮನಿಸಲೇ ಇಲ್ಲ. ಅದಕ್ಕೊಂದು ಕಾರಣವಿತ್ತು. ಅದೇ ವರ್ಷ ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಅಡುಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡನ್ನು ಮಾರಿದ್ದರು. ಉಪ್ಪು ಬಿಟ್ಟ ಜನ ಅದನ್ನು ಅಳತೆಯಿಲ್ಲದೆ ಅನ್ನಕ್ಕೆ ಉದುರಿಸಿಕೊಂಡರು. ಹಲವರು ವಿಷವೇರಿ ನರಳಿದರು, ಕೆಲವರು ಸತ್ತರು. ಸರ್ಕಾರ ಅದನ್ನು ಮಾರುಕಟ್ಟೆಯಿಂದ ಹಿಂದೆಗೆಯಿತು. ಸೆವೆನ್ ಅಪ್ ಪಾನೀಯ 1929ರಲ್ಲಿ ಶುರುವಾದಾಗ ಅದರಲ್ಲೂ ಒಂದಿಷ್ಟು ಲಿಥಿಯಂ ಇತ್ತು ಎಂದು ನಿಮಗೆ ಬಂದ ಫಾರ್ವರ್ಡ್ ಇದ್ದರೆ ಅದು ನಿಜವೇ. 1940ರ ದಶಕದ ಕೊನೆಗೆ ತೆಗೆದರು.

ಇತ್ತ ಬುಂಡೂರದಲ್ಲಿ ಗುಣವಾಗಿ ಹೋಗಿದ್ದ ಆ ಮೊದಲ ರೋಗಿ ಮಾತ್ರೆಯನ್ನು ಅಸಡ್ಡೆ ಮಾಡಿ ಬಿಟ್ಟಿದ್ದ. ಆರೇಳು ತಿಂಗಳಲ್ಲಿ ಉನ್ಮಾದ ಮರುಕಳಿಸಿ ಆಸ್ಪತ್ರೆಗೆ ಬಂದ. ಮತ್ತೆ ಲಿಥಿಯಂ, ಮತ್ತೆ ಸುಧಾರಣೆ. ಆದರೆ ಬರಬರುತ್ತ ಮೈಯಲ್ಲಿ ವಿಷದ ಲಕ್ಷಣಗಳು ಕಾಣಿಸಿಕೊಂಡವು. ನಿಲ್ಲಿಸಿದರೆ ಉನ್ಮಾದ, ಕೊಟ್ಟರೆ ವಿಷ. ರಕ್ತದಲ್ಲಿ ಎಷ್ಟು ಲಿಥಿಯಂ ಇದೆ ಎಂದು ಅಳೆಯುವ ಸಾಧನ ಕೇಡ್ ಅವರ ಬಳಿ ಇರಲಿಲ್ಲ. ಹಿಡಿದದ್ದು ಕಣ್ಣಂದಾಜು. 1950ರ ಮೇ ತಿಂಗಳಲ್ಲಿ ಆ ರೋಗಿ ಲಿಥಿಯಂ ವಿಷದಿಂದಲೇ ಸತ್ತ.

ಕೇಡ್ ತಮ್ಮ ಆಸ್ಪತ್ರೆಯಲ್ಲಿ ತಾವೇ ಕಂಡುಹಿಡಿದ ಮದ್ದನ್ನು ನಿಷೇಧಿಸಿದರು. ಹೆಸರು ಉಳಿಸಿಕೊಳ್ಳಲು ಸಾವನ್ನು ಬೇರೆ ಕಾರಣಕ್ಕೆ ಹಚ್ಚಬಹುದಿತ್ತು, ಹಾಗೆ ಮಾಡಲಿಲ್ಲ. ಈ ಭಾಗ ಫಾರ್ವರ್ಡ್‌ಗಳಲ್ಲಿ ಬರುವುದಿಲ್ಲ. ಮದ್ದನ್ನು ಹೊಗಳುವ ಸಂದೇಶದಲ್ಲೂ ಇಲ್ಲ, ತೆಗಳುವ ಸಂದೇಶದಲ್ಲೂ ಇಲ್ಲ.

ಅಳೆಯಲು ಕಲಿತ ಮೇಲೆ

ಕಥೆ ತಿರುಗಿದ್ದು ಅದೇ ಮೆಲ್ಬರ್ನ್ ನಗರದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಎಡ್ವರ್ಡ್ ಟ್ರಾಟ್ನರ್ ಮತ್ತು ವೈದ್ಯ ಚಾರ್ಲ್ಸ್ ನೋವಾಕ್ 1951ರಲ್ಲಿ ನೂರಕ್ಕೂ ಹೆಚ್ಚು ರೋಗಿಗಳ ವರದಿ ಪ್ರಕಟಿಸಿದರು. ಧಾತುವನ್ನು ಜ್ವಾಲೆಯಲ್ಲಿ ಉರಿಸಿ, ಅದರ ಬಣ್ಣದ ಬೆಳಕಿನಿಂದ ಪ್ರಮಾಣ ಅಳೆಯುವ ಯಂತ್ರವೊಂದು ಆಗಷ್ಟೇ ಬಂದಿತ್ತು. ಅದರಿಂದ ರಕ್ತದಲ್ಲಿನ ಲಿಥಿಯಂ ಅನ್ನು ಅಳೆಯುವುದು ಸಾಧ್ಯವಾಯಿತು. ಆಮೇಲೆ ಡೆನ್ಮಾರ್ಕ್‌ನ ಮೊಗೆನ್ಸ್ ಶೌ ಬಂದರು. ಅವರ ಸ್ವಂತ ತಮ್ಮನಿಗೇ ಮತ್ತೆ ಮತ್ತೆ ಬರುವ ಖಿನ್ನತೆ ಇತ್ತು. 1954ರಲ್ಲಿ ಅವರು ಮಾಡಿದ ಪ್ರಯೋಗದಲ್ಲಿ ಕೆಲವು ರೋಗಿಗಳಿಗೆ ಲಿಥಿಯಂ, ಕೆಲವರಿಗೆ ಅದೇ ಥರ ಕಾಣುವ ಬರೀ ಮಾತ್ರೆ ಕೊಟ್ಟು ಹೋಲಿಸಿದರು. ಒಬ್ಬ ವೈದ್ಯ ಹತ್ತು ಜನರಲ್ಲಿ ಕಂಡದ್ದು ಸುಳಿವು ಮಾತ್ರ, ಪುರಾವೆ ಬರುವುದು ಇಂಥ ಹೋಲಿಕೆಯಿಂದ. ಯಾವುದೋ ಡಾಕ್ಟರ್ ಹೇಳಿದ್ದಾರೆ ಎಂದು ಬರುವ ಪ್ರತಿ ವಿಡಿಯೋಗೂ ಈ ಮಾತು ಸಲ್ಲುತ್ತದೆ.

ಲಂಡನ್ನಿನ ದೊಡ್ಡ ಮನೋವೈದ್ಯರು ಇದೆಲ್ಲ ಕಟ್ಟುಕಥೆ ಎಂದು ಜರೆದರು. ಶೌ ಮತ್ತು ಸಂಗಡಿಗರು ಇನ್ನೂ ಕಟ್ಟುನಿಟ್ಟಿನ ಪ್ರಯೋಗ ಮಾಡಿ 1970ರಲ್ಲಿ ಉತ್ತರ ಕೊಟ್ಟರು. ಉನ್ಮಾದವನ್ನು ಇಳಿಸುವುದಷ್ಟೇ ಅಲ್ಲ, ಕಾಯಿಲೆ ಮರುಕಳಿಸದಂತೆ ಲಿಥಿಯಂ ತಡೆಯುತ್ತದೆ ಎಂಬುದು ಗಟ್ಟಿಯಾಯಿತು. ಅದೇ ವರ್ಷ ಅಮೆರಿಕವೂ ಒಪ್ಪಿಗೆ ಕೊಟ್ಟಿತು. ಬೈಪೋಲಾರ್ ಕಾಯಿಲೆಯವರಲ್ಲಿ ಆತ್ಮಹತ್ಯೆಯ ಅಪಾಯವನ್ನು ಲಿಥಿಯಂ ತಗ್ಗಿಸುತ್ತದೆ ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು.

ಕೇಡ್ 1952ರಿಂದ 1977ರವರೆಗೆ ಮೆಲ್ಬರ್ನ್‌ನ ರಾಯಲ್ ಪಾರ್ಕ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. ಮದ್ಯವ್ಯಸನಿಗಳ ಮೆದುಳು ಕೆಡದಂತೆ ಥಯಾಮಿನ್ ಎಂಬ ಬಿ ಜೀವಸತ್ವವನ್ನು ಧಾರಾಳವಾಗಿ ಕೊಡಬೇಕೆಂದು ಹಟ ಹಿಡಿದವರಲ್ಲಿ ಅವರೂ ಒಬ್ಬರು. ಚಾಂಗಿಯಲ್ಲಿ ಬಿ ಜೀವಸತ್ವದ ಕೊರತೆ ಏನು ಮಾಡುತ್ತದೆಂದು ಕಣ್ಣಾರೆ ಕಂಡವರಲ್ಲವೇ. ಲಿಥಿಯಂ ತಮ್ಮಿಂದಲೇ ಬಂತು ಎಂದು ಅವರು ಡಂಗುರ ಸಾರಿಸಲಿಲ್ಲ. 1974ರಲ್ಲಿ ಶೌ ಜೊತೆ ದೊಡ್ಡದೊಂದು ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. 1980ರ ನವೆಂಬರ್ 16ರಂದು ತೀರಿಕೊಂಡರು.

ಬಳ್ಳಾರಿ ಮಾದರಿ

ಕೇಡ್ ತೀರಿಕೊಂಡ ಐದಾರು ವರ್ಷಗಳಲ್ಲಿ, ಅವರು ಹೆಸರೂ ಕೇಳಿರಲಾರದ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಂದು ಕೆಲಸ ನಡೆಯಿತು. ಮಾನಸಿಕ ಕಾಯಿಲೆಯ ಚಿಕಿತ್ಸೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮಾತ್ರ ಇರಬೇಕೇ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ತರಬೇತಿ ಕೊಟ್ಟರೆ ಹೇಗೆ ಎಂದು ನಿಮ್ಹಾನ್ಸ್ ಸಂಸ್ಥೆ 1980ರ ದಶಕದ ಮಧ್ಯದಲ್ಲಿ ಇಡೀ ಜಿಲ್ಲೆಯನ್ನೇ ತೆಗೆದುಕೊಂಡು ಪ್ರಯತ್ನಿಸಿತು. ಆಗ ಸಂಡೂರು, ಹೊಸಪೇಟೆ ಎಲ್ಲವೂ ಬಳ್ಳಾರಿ ಜಿಲ್ಲೆಯವೇ. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಈ ಬಳ್ಳಾರಿ ಮಾದರಿಯ ಮೇಲೆ. ನಮ್ಮವರಿಗೇ ಈ ಸಂಗತಿ ಅಷ್ಟು ಗೊತ್ತಿಲ್ಲ ಎಂಬುದು ಬೇಸರದ ಮಾತು. ಊರಿನ ಆರೋಗ್ಯ ಕೇಂದ್ರದಲ್ಲಿ ಮನಸ್ಸಿನ ಕಾಯಿಲೆಯ ಬಗ್ಗೆ ಕೇಳಲು ನಾಚಿಕೆಪಡುವವರು, ದೇಶಕ್ಕೆ ದಾರಿ ತೋರಿಸಿದ್ದು ಇದೇ ಜಿಲ್ಲೆ ಎಂದು ನೆನಪಿಟ್ಟುಕೊಳ್ಳಬಹುದು.

ಸಂಡೂರಿನ ಬಿಸಿಲಿಗೂ ಈ ಮಾತ್ರೆಗೂ ಏನು ಸಂಬಂಧ?

ಈಗ ಅಡ್ಡಪರಿಣಾಮಗಳಿಗೆ ಬರೋಣ. ಲಿಥಿಯಂ ಶುರು ಮಾಡಿದವರಲ್ಲಿ ಕೈಬೆರಳು ಸಣ್ಣಗೆ ನಡುಗುವುದು, ಬಾಯಾರಿಕೆ, ಪದೇ ಪದೇ ಮೂತ್ರ, ಹೊಟ್ಟೆ ತೊಳಸುವುದು, ಬಾಯಲ್ಲಿ ಲೋಹದ ರುಚಿ ಸಾಮಾನ್ಯ. ಕೆಲವರು ದಪ್ಪಗಾಗುತ್ತಾರೆ. ಮೊಡವೆ, ಸೋರಿಯಾಸಿಸ್ ಹೆಚ್ಚಾಗಬಹುದು. ಇವುಗಳಲ್ಲಿ ಎಷ್ಟೋ ಡೋಸ್ ಅಥವಾ ಸಮಯ ಬದಲಿಸಿದರೆ ತಗ್ಗುತ್ತವೆ, ಹಾಗಾಗಿ ಸಹಿಸಿಕೊಂಡು ಸುಮ್ಮನಿರಬೇಡಿ, ವೈದ್ಯರಿಗೆ ಹೇಳಿ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಥೈರಾಯ್ಡ್ ನಿಧಾನವಾಗುವುದುಂಟು, ಹೆಂಗಸರಲ್ಲಿ ಇದು ಹೆಚ್ಚು. ರಕ್ತದ ಕ್ಯಾಲ್ಸಿಯಂ ಏರಬಹುದು. ಕಿಡ್ನಿಯ ಕೆಲಸ ಕೆಲವರಲ್ಲಿ ನಿಧಾನವಾಗಿ ಕುಗ್ಗುತ್ತದೆ. ಫಾರ್ವರ್ಡ್ ಹೇಳುವಂತೆ ಎಲ್ಲರ ಕಿಡ್ನಿಯೂ ಹೋಗುವುದಿಲ್ಲ, ಡಯಾಲಿಸಿಸ್‌ವರೆಗೆ ಹೋಗುವವರು ಕಡಿಮೆ. ಮೂರರಿಂದ ಆರು ತಿಂಗಳಿಗೊಮ್ಮೆ ಲಿಥಿಯಂ ಮಟ್ಟ, ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್, ಟಿಎಸ್‌ಎಚ್, ಜೊತೆಗೆ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸುವುದು ಇದನ್ನು ಬೇಗ ಹಿಡಿಯಲಿಕ್ಕೇ. ಥೈರಾಯ್ಡ್ ಕಡಿಮೆಯಾದರೆ ಅದಕ್ಕೊಂದು ಮಾತ್ರೆ ಸೇರಿಸಿ ಲಿಥಿಯಂ ಮುಂದುವರಿಸುವುದೂ ಉಂಟು.

ಇದಕ್ಕಿಂತ ಮುಖ್ಯವಾದದ್ದು ಕೇಡ್ ಅವರ ರೋಗಿಯನ್ನು ಕೊಂದ ವಿಷವೇರುವಿಕೆ. ರಕ್ತದಲ್ಲಿ ಲಿಥಿಯಂ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇದ್ದರೆ ಸಾಮಾನ್ಯವಾಗಿ ಮದ್ದು. 1.5 ದಾಟಿದರೆ ವಿಷದ ಲಕ್ಷಣಗಳು ಶುರು, 2 ದಾಟಿದರೆ ಜೀವಕ್ಕೆ ಅಪಾಯ. ವಯಸ್ಸಾದವರಿಗೆ ಇನ್ನೂ ಕಡಿಮೆ ಮಟ್ಟದಲ್ಲೇ ತೊಂದರೆಯಾಗಬಹುದು. ಮದ್ದಿಗೂ ವಿಷಕ್ಕೂ ನಡುವೆ ಇಷ್ಟು ಕಿರಿದಾದ ಬದು ಇರುವ ಮಾತ್ರೆಗಳು ಹೆಚ್ಚಿಲ್ಲ.

ನಮ್ಮ ಕಿಡ್ನಿಗೆ ಸೋಡಿಯಂಗೂ ಲಿಥಿಯಂಗೂ ವ್ಯತ್ಯಾಸ ಅಷ್ಟಾಗಿ ತಿಳಿಯದು. ಮೈಯಿಂದ ನೀರು, ಉಪ್ಪು ಹೊರಹೋದಾಗ ಕಿಡ್ನಿ ಉಪ್ಪನ್ನು ಉಳಿಸಿಕೊಳ್ಳಲು ನೋಡುತ್ತದೆ. ಆ ಭರದಲ್ಲಿ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನುಂಗಿದ ಮಾತ್ರೆ ಅಷ್ಟೇ, ರಕ್ತದಲ್ಲಿ ಮಟ್ಟ ಮಾತ್ರ ಏರುತ್ತದೆ. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ಜನ ತಮಾಷೆ ಮಾಡುತ್ತಾರೆ. ಸಂಡೂರಿನ ಗುಡ್ಡ ಮಳೆಗಾಲದಲ್ಲಿ ಎಷ್ಟೇ ಹಸಿರಾದರೂ ಏಪ್ರಿಲ್‌ನಲ್ಲಿ ಗಣಿಯ ಕೆಲಸ, ಲಾರಿ ಕ್ಯಾಬಿನ್, ಮೆಣಸಿನಕಾಯಿ ಹೊಲ ಎಲ್ಲಿದ್ದರೂ ಬೆವರು ಕಿತ್ತುಬರುತ್ತದೆ. ಲಿಥಿಯಂ ತೆಗೆದುಕೊಳ್ಳುವವರು ಆ ದಿನಗಳಲ್ಲಿ ನೀರು, ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಕುಡಿಯುತ್ತಲೇ ಇರಬೇಕು. ಕಾಲ್ನಡಿಗೆಯಲ್ಲಿ ಜಾತ್ರೆಗೆ ಹೊರಡುವುದು, ನಿರ್ಜಲ ಉಪವಾಸ, ರೋಜಾ ಇವಕ್ಕೆಲ್ಲ ಮೊದಲೇ ವೈದ್ಯರನ್ನು ಕೇಳಬೇಕು. ಬೇಡ ಎಂದೇ ಹೇಳುತ್ತಾರೆಂದಲ್ಲ, ಅಳತೆ ಹೊಂದಿಸಲು ಅವರಿಗೆ ಸಮಯ ಬೇಕು.

ಉಪ್ಪಿನ ವಿಷಯದಲ್ಲಿ ಇನ್ನೊಂದು ಎಚ್ಚರ. ಉಪ್ಪು ಬಿಡಿ ಎಂಬ ಆರೋಗ್ಯ ಸಲಹೆಗಳು ಬಹಳ ಓಡಾಡುತ್ತವೆ. ಲಿಥಿಯಂ ತೆಗೆದುಕೊಳ್ಳುವವರು ದಿಢೀರನೆ ಉಪ್ಪು ಬಿಟ್ಟರೆ ಅಮೆರಿಕದ ಆ ಹೃದ್ರೋಗಿಗಳಂತೆ ವಿಷವೇರುವ ಅಪಾಯ. ಉಪ್ಪು ಹೆಚ್ಚೂ ಬೇಡ, ಕಡಿಮೆಯೂ ಬೇಡ, ಎಂದಿನಷ್ಟೇ ಇರಲಿ.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೋವಿನ ಮಾತ್ರೆಗಳು ಮುಂದಿನ ಅಪಾಯ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಬೆನ್ನು ನೋವಿಗೆ ಹತ್ತು ದಿನ ನುಂಗಿದರೆ ಸಾಕು. ಬಿಪಿಗೆ ಕೊಡುವ ಟೆಲ್ಮಿಸಾರ್ಟಾನ್, ಎನಾಲಾಪ್ರಿಲ್, ರಾಮಿಪ್ರಿಲ್, ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಕೂಡ ಹೀಗೆಯೇ. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಇವುಗಳಿಗಿಂತ ಸುರಕ್ಷಿತ. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಲಿಥಿಯಂ ತೆಗೆದುಕೊಳ್ಳುತ್ತಿರುವುದನ್ನು ಮೊದಲು ಹೇಳಿ. ಮನಸ್ಸಿನ ಮಾತ್ರೆ ಎಂದು ಮುಚ್ಚಿಟ್ಟದ್ದರಿಂದ ಕಿಡ್ನಿಗೆ ಪೆಟ್ಟು ಬೀಳುವುದು ಬಹಳ ದುಃಖದ ಸಂಗತಿ.

ಮಗು ಬೇಕೆಂದಿರುವ ಹೆಂಗಸರು ಗರ್ಭ ನಿಲ್ಲುವ ಮೊದಲೇ ವೈದ್ಯರೊಡನೆ ಮಾತಾಡಬೇಕು. ಲಿಥಿಯಂನಿಂದ ಮಗುವಿನ ಹೃದಯಕ್ಕೆ ಸಣ್ಣ ಮಟ್ಟದ ಅಪಾಯವಿದೆ. ಇದೇ ಕಾಯಿಲೆಗೆ ಕೊಡುವ ವಾಲ್ಪ್ರೊಯೇಟ್‌ನಿಂದ ಮಗುವಿನ ಬೆನ್ನುಹುರಿ ಮತ್ತು ಬುದ್ಧಿಯ ಬೆಳವಣಿಗೆಗೆ ಆಗುವ ಅಪಾಯ ಅದಕ್ಕಿಂತ ಬಹಳ ಹೆಚ್ಚು. ಲ್ಯಾಮೊಟ್ರಿಜಿನ್, ಕಾರ್ಬಮಜೆಪೀನ್ ಶುರು ಮಾಡಿದವರು ಮೈಮೇಲೆ ದದ್ದು ಎದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ನಿಲ್ಲಿಸುವುದು ಯಾವಾಗ, ನಿಲ್ಲಿಸಬಾರದ್ದು ಯಾವಾಗ

ಆರಾಮಾಗಿದ್ದೇನೆ, ಇನ್ನು ಮಾತ್ರೆ ಯಾಕೆ ಎಂದೋ, ಫಾರ್ವರ್ಡ್ ಓದಿ ಹೆದರಿಯೋ ದಿಢೀರನೆ ಬಿಟ್ಟರೆ ಮುಂದಿನ ಕೆಲವು ತಿಂಗಳಲ್ಲಿ ಉನ್ಮಾದ ಮರಳುವ ಸಾಧ್ಯತೆ ಜೋರಾಗಿರುತ್ತದೆ. ಆತ್ಮಹತ್ಯೆಯ ಅಪಾಯವೂ ಏರುತ್ತದೆ. ನಿಲ್ಲಿಸಲೇಬೇಕಾದರೆ ವೈದ್ಯರು ವಾರಗಳು, ತಿಂಗಳುಗಳ ಲೆಕ್ಕದಲ್ಲಿ ನಿಧಾನವಾಗಿ ಇಳಿಸುತ್ತಾರೆ.

ಇದಕ್ಕೆ ಒಂದು ಹೊರತು ಇದೆ. ಕೈ ಜೋರಾಗಿ ನಡುಗುವುದು, ಬಿಡದ ವಾಂತಿ ಭೇದಿ, ಕುಡಿದವರಂತೆ ತೂರಾಡುವ ನಡಿಗೆ, ತೊದಲು ಮಾತು, ಮಂಪರು, ಗೊಂದಲ ಕಾಣಿಸಿದರೆ ಮುಂದಿನ ಮಾತ್ರೆ ಕೊಡಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಚೀಟಿ ಜೊತೆಗಿರಲಿ, ಲಿಥಿಯಂ ಎಂಬ ಹೆಸರನ್ನು ಬಾಯಿಬಿಟ್ಟು ಹೇಳಿ. ಕುಡಿದಿರಬೇಕು ಎಂದು ಮನೆಯವರು ಮಲಗಿಸಿಬಿಟ್ಟರೆ ಅಮೂಲ್ಯವಾದ ಗಂಟೆಗಳು ಹೋಗುತ್ತವೆ. ಬರೀ ಹೊಟ್ಟೆ ಕೆಟ್ಟು ಭೇದಿ ಶುರುವಾಗಿದ್ದರೂ ಓಆರ್‌ಎಸ್ ಕುಡಿಸುತ್ತ ವೈದ್ಯರಿಗೆ ಫೋನ್ ಮಾಡಿ. ಒಂದೆರಡು ದಿನ ಮಾತ್ರೆ ತಡೆಹಿಡಿಯಿರಿ ಎಂದು ಅವರು ಹೇಳಬಹುದು.

ಸಂಡೂರಿನವರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಬಳ್ಳಾರಿಯದು, ಜನ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜಿನದು. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಉಚಿತ ಸಂಖ್ಯೆ 14416, ಹಗಲೂ ರಾತ್ರಿಯೂ ಇರುತ್ತದೆ.

ಲಿಥಿಯಂ ಮಟ್ಟ ನೋಡುವ ಪರೀಕ್ಷೆ ಎಲ್ಲ ಲ್ಯಾಬ್‌ಗಳಲ್ಲಿ ಇರುವುದಿಲ್ಲ, ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ರಕ್ತ ಕೊಡಬೇಕಾದದ್ದು ಕೊನೆಯ ಡೋಸ್ ನುಂಗಿದ 12 ಗಂಟೆಗೆ. ರಾತ್ರಿ ಒಂಬತ್ತಕ್ಕೆ ಮಾತ್ರೆ ತೆಗೆದುಕೊಂಡಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬ್‌ನಲ್ಲಿರಿ, ಬೆಳಗಿನ ಮಾತ್ರೆ ಇದ್ದರೆ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟಾದ ಮೇಲೆ ನುಂಗಿ.